ಗಾಯಕ್ಕೆ ಮೊದಲು ಆರೈಕೆ, ರಾಜಿಯ ಮಾತು ಆಮೇಲೆ



ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿರಿ. ಸುರಪುರದ ತಾಲೂಕು ಆಸ್ಪತ್ರೆ, ಬೆಳಗಿನ ಹೊತ್ತು. ಇಪ್ಪತ್ತೊಂದು ವರ್ಷದ ಸೊಸೆಯನ್ನು ಅತ್ತೆ ಕರೆದುಕೊಂಡು ಬಂದಿದ್ದಾಳೆ. ಸೊಸೆಯ ಎಡಗೈ ಊದಿಕೊಂಡಿದೆ. ಬುರ್ಖಾದ ಅಂಚಿನಲ್ಲಿ, ಕತ್ತಿನ ಮೇಲೆ ಒಂದು ಕೆಂಪು ಗೆರೆ ಕಾಣುತ್ತಿದೆ. "ಏನಾತು ತಂಗಿ?" ಎಂದು ಸಿಸ್ಟರ್ ಕೇಳುತ್ತಾರೆ. ಹುಡುಗಿ ಬಾಯಿ ತೆರೆಯುವ ಮೊದಲೇ ಅತ್ತೆ, "ಬಚ್ಚಲದಾಗ ಜಾರಿ ಬಿದ್ದಾಳ್ರೀ" ಎನ್ನುತ್ತಾಳೆ. ಚೀಟಿಯಲ್ಲಿ ಅದನ್ನೇ ಬರೆಯಲಾಗುತ್ತದೆ. ಕೈಗೆ ಪಟ್ಟಿ, ನೋವಿಗೆ ಮಾತ್ರೆ. ಮಧ್ಯಾಹ್ನದ ಹೊತ್ತಿಗೆ ಆಕೆ ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ ಇರುತ್ತಾಳೆ.

ಇದು ಊಹಿಸಿದ ಕಥೆ. ಆದರೆ ಇಂತಹ ಕಥೆ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಇಲ್ಲಿ ಕೈಗೆ ಚಿಕಿತ್ಸೆ ಸಿಕ್ಕಿತು, ಕತ್ತಿಗೆ ಸಿಗಲಿಲ್ಲ. ಆಕೆಯ ಜೀವಕ್ಕೆ ಹೆಚ್ಚು ಅಪಾಯವಿದ್ದುದು ಕತ್ತಿನಿಂದಲೇ. ಸಿಸ್ಟರಿಗೆ ಕೆಲಸ ಬಾರದೆ ಹೀಗಾಗಲಿಲ್ಲ. ಅವರಿಗೆ ಸತ್ಯ ಹೇಳದೆ ಹೀಗಾಯಿತು.

ಮನೆಯೊಳಗಿನ ಹಿಂಸೆಗೆ ಒಳಗಾದ ಯುವಕ ಯುವತಿಯರ ಶುಶ್ರೂಷೆ ಹೇಗಿರಬೇಕು, ಅದರಲ್ಲಿ ಕುಟುಂಬದವರಾದ ನಮ್ಮ ಪಾಲೇನು ಎಂಬುದನ್ನು ಈ ಲೇಖನದಲ್ಲಿ ಅರಿತುಕೊಳ್ಳೋಣ.

ಇದು ಅಪರೂಪದ ಸಂಗತಿಯಲ್ಲ

"ನಮ್ಮಲ್ಲಿ ಹಾಗೇನೂ ಇಲ್ಲ" ಎಂದು ಹೇಳುವುದು ಸುಲಭ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ, ಮದುವೆಯಾದ ಮಹಿಳೆಯರಲ್ಲಿ ಶೇಕಡಾ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದರು. 2015-16ರ ಸಮೀಕ್ಷೆಯಲ್ಲಿ ಇದು ಶೇಕಡಾ 20.6 ಇತ್ತು. ಇದು ಒಂದು ಜಾತಿಯ, ಒಂದು ಧರ್ಮದ ಲೆಕ್ಕವಲ್ಲ, ಇಡೀ ರಾಜ್ಯದ ಲೆಕ್ಕ. ಅದೇ ಸಮೀಕ್ಷೆಯ ಅಖಿಲ ಭಾರತ ವರದಿ ಇನ್ನೊಂದು ಮಾತನ್ನೂ ತಿಳಿಸುತ್ತದೆ. ಹಿಂಸೆ ಅನುಭವಿಸಿದವರಲ್ಲಿ ಶೇಕಡಾ 77 ಮಂದಿ ಯಾರ ನೆರವನ್ನೂ ಕೇಳಿರಲಿಲ್ಲ, ಯಾರಲ್ಲಿಯೂ ಹೇಳಿಕೊಂಡಿರಲಿಲ್ಲ. ನೆರವು ಕೇಳಿದವರು ಶೇಕಡಾ 14 ಮಾತ್ರ.

ಅಂದರೆ ನಾಲ್ವರಲ್ಲಿ ಮೂವರು ಮೌನವಾಗಿದ್ದಾರೆ. ಮನೆಯ ಮಾತು ಹೊರಗೆ ಹೋಗಬಾರದೆಂದು ಹೇಳುತ್ತಾ ಈ ಮೌನವನ್ನು ಅವರಿಗೆ ಕಲಿಸಿದವರು ನಾವೇ ಅಲ್ಲವೇ? ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಇಷ್ಟವಿಲ್ಲ ಎಂದು ಅನ್ನಿಸಾ ಅಧ್ಯಾಯದ 148ನೆಯ ವಚನ ತಿಳಿಸುವುದು ನಿಜ. ಆದರೆ ಅಕ್ರಮಕ್ಕೊಳಗಾದವರಿಗೆ ಅದೇ ವಚನ ವಿನಾಯಿತಿ ನೀಡಿದೆ. ಏಟು ತಿಂದವಳು ತನ್ನ ನೋವನ್ನು ಹೇಳಿಕೊಂಡರೆ ಅದು ಗೀಬತ್ ಅಲ್ಲ. ಸಬ್ರ್ ಎಂದರೆ ಅಕ್ರಮ ಮಾಡಿದವನ ಪರವಾಗಿ ಸುಳ್ಳು ಹೇಳುವುದೂ ಅಲ್ಲ.

ಪ್ರವಾದಿವರ್ಯರ(ಸ) ಬಾಗಿಲಿಗೆ ಬಂದ ಮಹಿಳೆ

ಹಬೀಬಾ ಬಿಂತ್ ಸಹ್ಲ್(ರ) ಎಂಬ ಸಹಾಬಿ ಮಹಿಳೆಯ ಪ್ರಕರಣ ಹದೀಸ್ ಗ್ರಂಥಗಳಲ್ಲಿದೆ. ಅವರ ಪತಿ ಸಾಬಿತ್ ಬಿನ್ ಕೈಸ್(ರ) ಅನ್ಸಾರರ ವಾಗ್ಮಿಯೆಂದು ಹೆಸರಾದವರು, ಗೌರವಾನ್ವಿತರು. ಅವರು ಪತ್ನಿಯನ್ನು ಹೊಡೆದು ಗಾಯಗೊಳಿಸಿದರೆಂದು ಅಬೂದಾವೂದ್ ಗ್ರಂಥದ ವರದಿ ತಿಳಿಸುತ್ತದೆ. ಹಬೀಬಾ(ರ) ಇನ್ನೂ ನಸುಕಿನ ಕತ್ತಲಿರುವಾಗಲೇ ಪ್ರವಾದಿವರ್ಯರ(ಸ) ಬಾಗಿಲಿಗೆ ಬಂದು ನಿಂತರೆಂದು ಮುವತ್ತಾ ಗ್ರಂಥದಲ್ಲಿದೆ. ಪ್ರವಾದಿವರ್ಯರು(ಸ) ಏನಾಯಿತೆಂದು ವಿಚಾರಿಸಿದರು, ಪೂರ್ತಿ ಆಲಿಸಿದರು. ಆಮೇಲೆ ಪತಿಯನ್ನು ಕರೆಸಿ, ಮಹ್ರ್ ಆಗಿ ಕೊಟ್ಟದ್ದನ್ನು ಹಿಂದಕ್ಕೆ ಪಡೆದು ಆಕೆಯನ್ನು ಬಿಡುಗಡೆ ಮಾಡಲು ಹೇಳಿದರು. ಆಕೆ ತನ್ನ ತವರಿನವರೊಂದಿಗೆ ಉಳಿದರು.

ಈ ಪ್ರಕರಣದಲ್ಲಿ ನಮಗೆ ಮೂರು ಪಾಠಗಳಿವೆ. ಒಂದು, ಪತಿ ಗೌರವಾನ್ವಿತನೆಂಬ ಕಾರಣಕ್ಕೆ ಆಕೆಯ ಮಾತನ್ನು ತಳ್ಳಿಹಾಕಲಿಲ್ಲ. ಎರಡು, ಹೊತ್ತಲ್ಲದ ಹೊತ್ತಿನಲ್ಲಿ ಏಕೆ ಬಂದೆ, ನಿನ್ನ ತಪ್ಪೇನು ಎಂದು ಗದರಿಸಲಿಲ್ಲ. ಮೂರು, ಹೊಂದಿಕೊಂಡು ಹೋಗೆಂದು ಅದೇ ಮನೆಗೆ ಹಿಂದಕ್ಕೆ ಕಳುಹಿಸಲಿಲ್ಲ.

ಶುಶ್ರೂಷೆಗೂ ನಮ್ಮ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. ಕ್ರಿ.ಶ. 627ರ ಕಂದಕ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಬಾಣದ ಏಟಿನಿಂದ ಗಾಯಗೊಂಡಾಗ ಅವರನ್ನು ಮಸೀದಿಯ ಆವರಣದಲ್ಲಿದ್ದ ರುಫೈದಾ(ರ) ಎಂಬ ಮಹಿಳೆಯ ಡೇರೆಗೆ ಸೇರಿಸಲಾಯಿತು. ಗಾಯಾಳುಗಳ ಆರೈಕೆಯೇ ಅವರ ಸೇವೆಯಾಗಿತ್ತು. ಪ್ರವಾದಿವರ್ಯರು(ಸ) ಬೆಳಿಗ್ಗೆ, ಸಂಜೆ ಅಲ್ಲಿಗೆ ಹೋಗಿ ರೋಗಿಯನ್ನು ವಿಚಾರಿಸುತ್ತಿದ್ದರು. ಗಾಯಾಳುವನ್ನು ಕಣ್ಣಿಗೆ ಕಾಣುವಷ್ಟು ಹತ್ತಿರ ಇರಿಸಿಕೊಂಡದ್ದನ್ನು ಗಮನಿಸಿರಿ. ನಾವಾದರೋ ಮನೆಯಲ್ಲಿ ಏಟು ತಿಂದವಳನ್ನು ಯಾರಿಗೂ ಕಾಣದಂತೆ ಒಳಕೋಣೆಯಲ್ಲಿ ಇರಿಸುತ್ತೇವೆ.

ಆಸ್ಪತ್ರೆಯಲ್ಲಿ ನಡೆಯಬೇಕಾದದ್ದು

ವಿಶ್ವ ಆರೋಗ್ಯ ಸಂಸ್ಥೆ ಈ ವಿಷಯದಲ್ಲಿ 2013ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಅದರಲ್ಲಿ ನರ್ಸ್ ಮತ್ತು ವೈದ್ಯರು ಮಾಡಬೇಕಾದ ಕೆಲಸಗಳು ಸರಳವಾಗಿವೆ. ಆಕೆಯ ಮಾತನ್ನು ಆಲಿಸಬೇಕು. ಏನು ಬೇಕೆಂದು ಕೇಳಬೇಕು. ತಪ್ಪು ನಿನ್ನದಲ್ಲ, ನಿನ್ನ ಮಾತನ್ನು ನಂಬುತ್ತೇನೆ ಎಂದು ಧೈರ್ಯ ಹೇಳಬೇಕು. ಮುಂದಿನ ಅಪಾಯವನ್ನು ತಪ್ಪಿಸುವ ದಾರಿ ಹುಡುಕಬೇಕು. ನೆರವು ನೀಡುವವರೊಡನೆ ಸಂಪರ್ಕ ಮಾಡಿಸಬೇಕು.

ಇದಕ್ಕೆಲ್ಲ ಮೊದಲು ಏಕಾಂತ ಬೇಕು. ಗಂಡ ಅಥವಾ ಅತ್ತೆ ಪಕ್ಕದಲ್ಲಿ ನಿಂತಿರುವಾಗ ಯಾವ ಹುಡುಗಿ ಬಾಯಿ ಬಿಟ್ಟಾಳು? ನಮ್ಮ ಭಾಗದಲ್ಲಿ ಇನ್ನೊಂದು ತೊಡಕೂ ಇದೆ. ಕೆಲವು ಹೆಣ್ಣುಮಕ್ಕಳಿಗೆ ಮನೆಯ ಉರ್ದು ಬಿಟ್ಟರೆ ಕನ್ನಡ ಸರಾಗವಾಗಿ ಬಾರದು. ಆಗ ಜೊತೆಗೆ ಬಂದವರೇ ದುಭಾಷಿಗಳಾಗುತ್ತಾರೆ. ಹೊಡೆದ ಮನೆಯವರೇ ಹೊಡೆತದ ಕಥೆ ಹೇಳುವಂತಾಗುತ್ತದೆ. ಉರ್ದು ಬಲ್ಲ ಆಯಾ ಅಥವಾ ಬೇರೆ ಸಿಬ್ಬಂದಿಯ ಮೂಲಕ ಕೇಳಿಸುವುದು ಸರಿಯಾದ ಕ್ರಮ. "ಸ್ವಲ್ಪ ಹೊರಗೆ ಕುಳಿತುಕೊಳ್ಳಿ" ಎಂದು ಸಿಸ್ಟರ್ ಹೇಳಿದರೆ ಅದನ್ನು ಅವಮಾನವೆಂದು ತಿಳಿಯಬೇಡಿರಿ. ಅವರು ತಮ್ಮ ಕರ್ತವ್ಯ ಮಾಡುತ್ತಿದ್ದಾರೆ.

ನಮ್ಮ ಊರಿನ ಎಷ್ಟೋ ಜನ ದುಡಿಯಲು ಹೋಗುವ ಮುಂಬಯಿಯಲ್ಲಿ, ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ, 2000ದಲ್ಲಿ 'ದಿಲಾಸಾ' ಎಂಬ ವಿಭಾಗ ಆರಂಭವಾಯಿತು. ಮನೆಯ ಹಿಂಸೆಯಿಂದ ಗಾಯಗೊಂಡು ಬಂದವರಿಗೆ ಆಸ್ಪತ್ರೆಯೊಳಗೇ ಸಾಂತ್ವನ, ಸಲಹೆ, ಕಾನೂನಿನ ಮಾಹಿತಿ ಸಿಗಬೇಕೆಂಬುದು ಅದರ ಉದ್ದೇಶ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಹೆದರುವ ಹೆಣ್ಣುಮಗಳು ಆಸ್ಪತ್ರೆಗಾದರೂ ಬರುತ್ತಾಳೆ ಎಂಬ ತಿಳಿವಳಿಕೆ ಅದರ ಹಿಂದಿದೆ.

ಕಾಣದ ಗಾಯಗಳು

ಕುಟುಂಬದವರು ತಿಳಿದಿರಬೇಕಾದ ಕೆಲವು ವಿಷಯಗಳಿವೆ. ಇವು ಜೀವ ಉಳಿಸಬಲ್ಲವು.

ಕತ್ತು ಹಿಸುಕಿದ್ದರೆ ಹೊರಗೆ ಗುರುತೇ ಇಲ್ಲದಿರಬಹುದು. ದನಿ ಒಡೆಯುವುದು, ನುಂಗಲು ಕಷ್ಟವಾಗುವುದು, ಕಣ್ಣಿನ ಬಿಳಿಯಲ್ಲಿ ರಕ್ತದ ಚುಕ್ಕೆಗಳು, ಆ ಹೊತ್ತಿನಲ್ಲಿ ಪ್ರಜ್ಞೆ ತಪ್ಪಿದ್ದು, ಅರಿವಿಲ್ಲದೆ ಮೂತ್ರ ಹೋದದ್ದು, ಇವು ಲಕ್ಷಣಗಳು. ಆಗ ಸರಿಯಿದ್ದವರು ಕೆಲವು ಗಂಟೆಗಳ ಅಥವಾ ದಿನಗಳ ನಂತರ ಕುಸಿಯಬಹುದು. ಆದುದರಿಂದ ಕತ್ತಿಗೆ ಕೈ ಹಾಕಿದ್ದನ್ನು ವೈದ್ಯರಿಂದ ಮುಚ್ಚಿಡಲೇಬಾರದು.

ತಲೆಗೆ ಏಟು ಬಿದ್ದವರಿಗೆ ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಲಾಗದ ಮಂಪರು, ತೊದಲು ಮಾತು ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮೊದಲ 24 ಗಂಟೆ ಅವರನ್ನು ಒಂಟಿಯಾಗಿ ಬಿಡಬೇಡಿರಿ.

ಕೆನ್ನೆಯ ಏಟಿಗೆ ಕಿವಿಯ ತಮಟೆ ಹರಿಯಬಹುದು. ಕಿವಿ ನೋವೆಂದು ಬೆಚ್ಚಗಿನ ಎಣ್ಣೆ ಬಿಡುವುದು ನಮ್ಮ ಮನೆಗಳ ರೂಢಿ. ಹರಿದ ತಮಟೆಗೆ ಎಣ್ಣೆ, ನೀರು ಎರಡೂ ಕೆಡುಕು.

ಗರ್ಭಿಣಿಯ ಹೊಟ್ಟೆಗೆ ಏಟು ಬಿದ್ದರೆ ನೋವು ಇಲ್ಲದಿದ್ದರೂ ತೋರಿಸಬೇಕು. ರಕ್ತಸ್ರಾವ, ಹೊಟ್ಟೆ ಬಿಗಿತ, ಮಗುವಿನ ಮಿಸುಕಾಟ ಕಡಿಮೆಯಾಗುವುದು ತೀವ್ರ ಅಪಾಯದ ಸೂಚನೆ.

ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣನೆಯ ಹರಿಯುವ ನೀರು ಹಾಕಿ, ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ. ಅರಿಶಿಣ, ಶಾಯಿ, ಹಲ್ಲುಜ್ಜುವ ಪೇಸ್ಟ್ ಹಚ್ಚಬೇಡಿರಿ. ಅಂಟಿದ ಬಟ್ಟೆಯನ್ನು ಕೀಳಬೇಡಿರಿ.

ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಭಾಗದ ಮನೆಗಳಲ್ಲಿ ಕ್ರಿಮಿನಾಶಕದ ಡಬ್ಬಿ ಕೈಗೆಟುಕುವಂತಿರುತ್ತದೆ. ನೊಂದ ಯುವಕ ಯುವತಿಯರಿರುವ ಮನೆಯಲ್ಲಿ ಅದನ್ನು ಬೀಗದೊಳಗಿಡಿರಿ. ಯಾರಾದರೂ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿರಿ. ಡಬ್ಬಿಯನ್ನು ಜೊತೆಗೆ ಹಿಡಿದು ನೇರವಾಗಿ ಆಸ್ಪತ್ರೆಗೆ ಧಾವಿಸಿರಿ.

ಹೇಳಿಕೊಳ್ಳಲು ನಾಚಿಕೆಯಾಗುವ ಗಾಯಗಳೂ ಇರುತ್ತವೆ. ಬಲಾತ್ಕಾರ ನಡೆದಿದ್ದರೆ ಸೋಂಕು ತಡೆಯುವ ಕೆಲವು ಔಷಧಗಳನ್ನು 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ. ನಾಚಿಕೆಯಿಂದ ಕಳೆಯುವ ಪ್ರತಿ ಗಂಟೆಯೂ ನಷ್ಟವೇ.

ಕೇಸ್ ಶೀಟಿನ ಒಂದು ಸಾಲು

"ಬಚ್ಚಲಲ್ಲಿ ಜಾರಿ ಬಿದ್ದಳು" ಎಂಬ ಸಾಲಿಗೆ ಮರಳೋಣ. ಅದು ಮೊದಲು ಚಿಕಿತ್ಸೆಯ ದಾರಿ ತಪ್ಪಿಸುತ್ತದೆ. ಮುಂದೆ ಆಕೆ ನ್ಯಾಯ ಕೇಳಿದಾಗ ಆಕೆಯ ವಿರುದ್ಧವೇ ಸಾಕ್ಷಿಯಾಗುತ್ತದೆ. ಗಾಯ ಎಲ್ಲಿದೆ, ಎಷ್ಟು ದೊಡ್ಡದು, ಹೇಗೆ ಆಯಿತೆಂದು ಆಕೆ ಹೇಳಿದಳು ಎಂಬುದನ್ನು ಆಕೆಯ ಮಾತಿನಲ್ಲೇ ಬರೆದಿಟ್ಟ ಕಾಗದ ವರ್ಷಗಳ ನಂತರವೂ ಉಪಯೋಗಕ್ಕೆ ಬರುತ್ತದೆ. ಚೀಟಿ, ಎಕ್ಸ್‌ರೇ, ಡಿಸ್ಚಾರ್ಜ್ ಕಾರ್ಡುಗಳನ್ನು ಜೋಪಾನವಾಗಿ ತೆಗೆದಿಡಿರಿ.

ಸ್ವಂತ ತಂದೆತಾಯಿಗಳಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆಂದು ಅನ್ನಿಸಾ ಅಧ್ಯಾಯದ 135ನೆಯ ವಚನ ಆದೇಶಿಸುತ್ತದೆ. ಈ ಆದೇಶ ನ್ಯಾಯಾಲಯದ ಕಟಕಟೆಗೆ ಮಾತ್ರ ಸೀಮಿತವೇ? ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಿಸ್ಟರ್ ಕೇಳುವ ಪ್ರಶ್ನೆಗೂ ಅದು ಅನ್ವಯಿಸುತ್ತದೆ.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಹೆಂಡತಿಯಷ್ಟೇ ಅಲ್ಲ, ಒಂದೇ ಮನೆಯಲ್ಲಿರುವ ಮಗಳು, ಸಹೋದರಿ, ತಾಯಿಯೂ ಅದರ ರಕ್ಷಣೆ ಪಡೆಯಬಹುದು. ಹೊಡೆತ ಮಾತ್ರವಲ್ಲ, ಬೈಗುಳ, ಬಲಾತ್ಕಾರ, ಖರ್ಚಿಗೆ ಕೊಡದೆ ಸತಾಯಿಸುವುದು, ಎಲ್ಲವನ್ನೂ ಅದು ಹಿಂಸೆಯೆಂದೇ ಪರಿಗಣಿಸುತ್ತದೆ. ಕಾಯ್ದೆಯಡಿ ವೈದ್ಯಕೀಯ ನೆರವು ಕೇಳಿ ಬಂದವರಿಗೆ ಆಸ್ಪತ್ರೆ ಅದನ್ನು ಒದಗಿಸಲೇಬೇಕು, ಮೊದಲು ದೂರು ಕೊಟ್ಟು ಬನ್ನಿ ಎನ್ನುವಂತಿಲ್ಲ. ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಸಂರಕ್ಷಣಾಧಿಕಾರಿಯ ಹೊಣೆ ವಹಿಸಲಾಗಿದೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿಯ ದಾರಿ ತಿಳಿಯುತ್ತದೆ. ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಮಹಿಳಾ ಸಹಾಯವಾಣಿ 181, ತುರ್ತು ಕರೆ 112, ಹದಿನೆಂಟು ತುಂಬದವರಿಗೆ 1098. ಈ ಮೂರು ಸಂಖ್ಯೆಗಳು ಮನೆಯ ಹೆಣ್ಣುಮಕ್ಕಳೆಲ್ಲರಿಗೂ ಬಾಯಿಪಾಠವಾಗಿರಲಿ.

ತವರಿಗೆ ಬಂದವರ ಆರೈಕೆ

ಆಸ್ಪತ್ರೆಯ ಆರೈಕೆ ಒಂದೆರಡು ದಿನದ್ದು. ಉಳಿದ ವಾರಗಳಲ್ಲಿ ಅಮ್ಮಿ, ಆಪಾ, ಅತ್ತಿಗೆಯರೇ ದಾದಿಯರು.

ಗಾಯ ಮಾಯುವವರೆಗೆ ಆಕೆಯಿಂದ ಮನೆಗೆಲಸ ನಿರೀಕ್ಷಿಸಬೇಡಿರಿ. ಪ್ಲಾಸ್ಟರ್ ಹಾಕಿದ ಕೈಯ ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಔಷಧದ ಹೊತ್ತನ್ನು ಒಬ್ಬರು ನೋಡಿಕೊಳ್ಳಲಿ. ವಿಚಾರಿಸಲು ಬಂದವರೆಲ್ಲರ ಮುಂದೆ ನಡೆದದ್ದನ್ನು ಮತ್ತೆ ಮತ್ತೆ ಹೇಳಿಸಬೇಡಿರಿ. ಒಮ್ಮೆ ಹೇಳಿದಾಗಲೂ ಒಮ್ಮೆ ಏಟು ತಿಂದಷ್ಟೇ ನೋವಾಗುತ್ತದೆ. ಆಕೆ ನಿಮ್ಮಲ್ಲಿ ಹೇಳಿದ್ದು ಅಮಾನತ್ತು. ಅದು ಓಣಿಯ ಮಾತಾಗಬಾರದು.

ರಾತ್ರಿ ಬೆಚ್ಚಿಬೀಳುವುದು, ಬಾಗಿಲ ಸದ್ದಿಗೆ ನಡುಗುವುದು, ಊಟ ಸೇರದಿರುವುದು, ಕಲ್ಲಿನಂತೆ ಕುಳಿತುಬಿಡುವುದು, ಇವೆಲ್ಲ ಹಿಂಸೆ ಅನುಭವಿಸಿದವರಲ್ಲಿ ಕಾಣುವ ಲಕ್ಷಣಗಳು. "ಗಾಳಿ ಸೋಕಿದೆ" ಎಂದು ಊರೂರು ತಿರುಗಿಸಬೇಡಿರಿ. ದುಆ ಮಾಡಿರಿ. ಜೊತೆಗೆ, ರೋಗಕ್ಕೆ ಚಿಕಿತ್ಸೆ ಪಡೆಯಲು ಪ್ರವಾದಿವರ್ಯರೇ(ಸ) ಬೋಧಿಸಿದ್ದಾರೆಂಬುದನ್ನು ನೆನೆಯಿರಿ. ಲಕ್ಷಣಗಳು ಒಂದು ತಿಂಗಳು ಕಳೆದರೂ ಇಳಿಯದಿದ್ದರೆ ವೈದ್ಯರನ್ನು ಕಾಣಿರಿ. ಸಾವಿನ ಮಾತು ಬಂದರೆ ಅದೇ ದಿನ ಕಾಣಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416 ಮನಸ್ಸಿನ ನೋವಿಗೆ ಉಚಿತವಾಗಿ ಸಲಹೆ ಕೊಡುತ್ತದೆ.

ಇದು ಗಂಡುಮಕ್ಕಳಿಗೂ ಅನ್ವಯಿಸುತ್ತದೆ. ತಂದೆ ತಾಯಿಯನ್ನು ಹೊಡೆಯುವುದನ್ನು ನೋಡುತ್ತಾ ಬೆಳೆದ ಹುಡುಗ, ತಡೆಯಲು ಹೋಗಿ ತಾನೂ ಏಟು ತಿಂದವ, ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಕಾಲೇಜು ಬಿಟ್ಟು ಊರು ಬಿಟ್ಟವ, ಇವರ ಗಾಯಕ್ಕೆ ಪಟ್ಟಿ ಕಟ್ಟುವವರು ಯಾರು? "ಗಂಡಸಾಗಿ ಅಳುತ್ತೀಯಾ?" ಎಂದು ಕೇಳಬೇಡಿರಿ. ಇಂದು ಅವನ ನೋವನ್ನು ಕೇಳಿದರೆ ನಾಳೆ ಅವನ ಮನೆಯಲ್ಲಿ ಕೈ ಎತ್ತುವವನೊಬ್ಬ ಕಡಿಮೆಯಾದಾನು.

ಅತ್ತೆಯರಲ್ಲಿ ಒಂದು ವಿನಂತಿ

ಬೆಂಗಳೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 'ದಿಲ್ ಮಿಲ್' ಎಂಬ ಒಂದು ಪ್ರಯೋಗ ನಡೆಯಿತು. ಅದರ ವಿವರಗಳು 2012ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾದವು. ಗರ್ಭಿಣಿಯರಾದ ಯುವತಿಯರ ಜೊತೆಗೆ ಅವರ ಅತ್ತೆಯರನ್ನೂ ಸೇರಿಸಿಕೊಂಡು ಮನೆಯ ಹಿಂಸೆಯನ್ನು ತಗ್ಗಿಸಲು ಸಾಧ್ಯವೇ ಎಂದು ಅಲ್ಲಿ ಯತ್ನಿಸಲಾಯಿತು. ಅತ್ತೆಯನ್ನು ಕೇವಲ ಆರೋಪಿಯಾಗಿ ಕಾಣದೆ, ಸೊಸೆಯನ್ನು ಕಾಪಾಡಬಲ್ಲವಳಾಗಿ ಕಂಡದ್ದು ಅದರ ವಿಶೇಷ.

ಬಚ್ಚಲಲ್ಲಿ ಜಾರಿದಳೆಂದು ಹೇಳಿದ ಅತ್ತೆಯನ್ನು ಈಗ ಇನ್ನೊಮ್ಮೆ ನೆನೆಯಿರಿ. ಅವಳೂ ಒಂದು ಕಾಲದಲ್ಲಿ ಹೀಗೆಯೇ ಸುಳ್ಳು ಹೇಳಿಸಿಕೊಂಡ ಸೊಸೆಯಾಗಿದ್ದಿರಬಹುದು. ಮಗನ ಕೈ ಹಿಡಿದು ನಿಲ್ಲಿಸಬಲ್ಲವರಲ್ಲಿ ಅವಳೇ ಮೊದಲಿಗಳು. ಅಕ್ರಮ ಮಾಡುವ ಸಹೋದರನಿಗೂ ಸಹಾಯ ಮಾಡಬೇಕು, ಅವನ ಕೈ ತಡೆಯುವುದೇ ಅವನಿಗೆ ಮಾಡುವ ಸಹಾಯ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಪ್ರವಾದಿವರ್ಯರು(ಸ) ಯಾವ ಮಹಿಳೆಯ ಮೇಲೂ, ಸೇವಕನ ಮೇಲೂ ಎಂದೂ ಕೈ ಎತ್ತಲಿಲ್ಲವೆಂದು ಆಇಶಾ(ರ) ವರದಿ ಮಾಡಿದ್ದಾರೆ. ಮಗನಿಗೆ ತೋರಿಸಬೇಕಾದ ಮಾದರಿ ಅದು.

ಜಮಾಅತಿನ ಹಿರಿಯರಲ್ಲಿ

ದಂಪತಿಗಳ ನಡುವೆ ಒಡಕುಂಟಾದರೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಅನ್ನಿಸಾ ಅಧ್ಯಾಯದ 35ನೆಯ ವಚನದಲ್ಲಿದೆ. ಸಂಧಾನ ಪುಣ್ಯದ ಕೆಲಸವೇ. ಆದರೆ ಪ್ಲಾಸ್ಟರ್ ಒಣಗುವ ಮೊದಲೇ, ಹುಡುಗಿ ಮಂಚದ ಮೇಲೆ ಮಲಗಿರುವಾಗಲೇ "ಈ ಸಲ ಬಿಟ್ಟುಬಿಡು" ಎಂದು ಒಪ್ಪಿಸುವುದು ಸಂಧಾನವಲ್ಲ. ಭಯದಲ್ಲಿರುವವಳ "ಹೂಂ" ಒಪ್ಪಿಗೆಯೂ ಅಲ್ಲ.

ಆಕೆಯನ್ನು ಹಿಂದಕ್ಕೆ ಕಳುಹಿಸುವ ಮಾತೆತ್ತುವ ಮೊದಲು ಆಕೆಯನ್ನು ಒಂಟಿಯಾಗಿ, ಒಬ್ಬ ಹಿರಿಯ ಮಹಿಳೆಯ ಮೂಲಕ ಕೆಲವು ಪ್ರಶ್ನೆ ಕೇಳಿಸಿರಿ. ಹೊಡೆತ ಇತ್ತೀಚೆಗೆ ಹೆಚ್ಚಿದೆಯೇ? ಕತ್ತು ಹಿಸುಕಿದ್ದಾನೆಯೇ? ಆಯುಧ ತೋರಿಸಿದ್ದಾನೆಯೇ? ಗರ್ಭಿಣಿಯಾಗಿದ್ದಾಗ ಹೊಡೆದಿದ್ದಾನೆಯೇ? ಅವನು ಕೊಂದುಬಿಡುತ್ತಾನೆಂದು ನಿನಗೆ ಅನ್ನಿಸುತ್ತದೆಯೇ? ಅಮೆರಿಕದ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ನರ್ಸ್ 1980ರ ದಶಕದಲ್ಲಿ ಇಂತಹ ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಅಪಾಯ ಅಳೆಯಲು ಅದನ್ನು ಅನೇಕ ದೇಶಗಳಲ್ಲಿ ಬಳಸುತ್ತಾರೆ. ಇವುಗಳಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ಆಕೆಯ ಸುರಕ್ಷತೆಯೇ ಮೊದಲ ಚಿಂತೆಯಾಗಲಿ. ಆಕೆ ಹೋಗುವುದು, ಬಿಡುವುದು ಆಕೆಯ ತೀರ್ಮಾನವಾಗಲಿ.

ಪ್ರಿಯ ಓದುಗರೇ, ಮುಂದೊಮ್ಮೆ ನಿಮ್ಮ ಮನೆಯ ಅಥವಾ ನೆರೆಮನೆಯ ಹುಡುಗಿಯೊಬ್ಬಳು ಊದಿದ ಕೈಯೊಂದಿಗೆ ನಿಮ್ಮೆದುರು ನಿಂತರೆ, ಆಕೆಯ ತಪ್ಪೇನೆಂದು ಕೇಳಬೇಡಿರಿ. ನೀರು ಕೊಡಿರಿ, ಕೂರಿಸಿರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಸಿಸ್ಟರ್ "ಏನಾತು ತಂಗಿ?" ಎಂದು ಕೇಳಿದಾಗ ನೀವು ಉತ್ತರಿಸಬೇಡಿರಿ. ಹೊರಗೆ ಬೆಂಚಿನ ಮೇಲೆ ಕುಳಿತುಕೊಂಡು, ಆಕೆ ತನ್ನ ಬಾಯಿಂದಲೇ ಸತ್ಯ ಹೇಳುವಂತೆ ಬಿಡಿರಿ.

ನೊಂದವರ ಗಾಯಕ್ಕೆ ಮುಲಾಮು ಹಚ್ಚುವ ಕೈಗಳನ್ನೂ, ಅಕ್ರಮವನ್ನು ಅಕ್ರಮವೆನ್ನುವ ನಾಲಗೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.